ಸಿನಿಮಾ ಡಿಸ್ಕ್ ಬರುವ ಮುನ್ನವೇ ಬರುವ ‘ಸುಳಿವು’: ಊಹೆ ಸುದ್ದಿಯಾಗುವುದು ಹೇಗೆ?

ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಯಾರೋ ಗೀಚಿದಂತಿರುವ ಒಂದು ಪುಟ್ಟ ಕಾರ್ಟೂನ್. ಕೆಳಗೆ ಕೆಂಪಕ್ಷರದಲ್ಲಿ, “ಖಚಿತ! ಈ ಹಳೆಯ ಚಿತ್ರದ 4ಕೆ ಡಿಸ್ಕ್ ಬರುತ್ತಿದೆ, ಎಲ್ಲರಿಗೂ ತಿಳಿಸಿ.” ನೀವು ಸಿನಿಮಾಪ್ರಿಯರ ಗುಂಪಿನಲ್ಲಿದ್ದರೆ ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಡಿಸ್ಕ್ ಕೊಳ್ಳುವ ಅಭ್ಯಾಸ ಇಲ್ಲದವರಿಗೆ ಇದೇ ಬಗೆಯ ಇನ್ನೊಂದು ಸಂದೇಶ ಪರಿಚಿತ: “ಈ ಶುಕ್ರವಾರವೇ ಓಟಿಟಿಗೆ, ಲಿಂಕ್ ಕೆಳಗಿದೆ.”

ಇಂಥ ಸಂದೇಶಗಳು ಎಲ್ಲಿಂದ ಹುಟ್ಟುತ್ತವೆ? ಕಾರ್ಟೂನ್ ನೋಡಿ ಸಿನಿಮಾದ ಹೆಸರು ಹೇಳುವುದು ನಿಜಕ್ಕೂ ಸಾಧ್ಯವೇ? ಊಹೆ ಮಾಡುವವರ ಮಾತು ಕೆಲವೊಮ್ಮೆ ನಿಜವಾಗುತ್ತದಲ್ಲ, ಅದಕ್ಕೇನು ಕಾರಣ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ

• ಕೆಲವು ಡಿಸ್ಕ್ ಕಂಪನಿಗಳು ಮುಂದೆ ಬರುವ ಚಿತ್ರಗಳ ಬಗ್ಗೆ ಒಗಟಿನಂಥ ಸುಳಿವು ಕೊಡುವುದು ನಿಜ.
• ಆದರೆ ಸುಳಿವು ಎಂದರೆ ಘೋಷಣೆ ಅಲ್ಲ. ಒಂದೇ ಸುಳಿವಿಗೆ ಹತ್ತು ಉತ್ತರ ಹೊಂದಬಹುದು.
• ನೂರು ಜನ ಊಹಿಸಿದರೆ ಯಾರಾದರೊಬ್ಬರದು ಸರಿಯಾಗುತ್ತದೆ. ಅದು ಅವರಿಗೆ ಒಳಗಿನ ಮಾಹಿತಿ ಇದೆ ಎನ್ನಲು ಪುರಾವೆಯಲ್ಲ.
• ಊಹೆಯನ್ನು ನಂಬಿ ಹಣ ಕಟ್ಟುವುದು, ಲಿಂಕ್ ಒತ್ತುವುದು ಅಪಾಯ.

ಈ ಕಾಲದಲ್ಲೂ ಡಿಸ್ಕ್ ಯಾರು ಕೊಳ್ಳುತ್ತಾರೆ?

ಓಟಿಟಿ ಇರುವಾಗ ಡಿಸ್ಕ್ ಏಕೆ ಎಂದು ಹಲವರು ಕೇಳುತ್ತಾರೆ. ಓಟಿಟಿಯಲ್ಲಿ ಇಂದು ಇರುವ ಚಿತ್ರ ಒಪ್ಪಂದ ಮುಗಿದ ಮೇಲೆ ಇರುವುದಿಲ್ಲ. ಡಿಸ್ಕ್ ಮಾತ್ರ ಕಪಾಟಿನಲ್ಲೇ ಇರುತ್ತದೆ. ಚಿತ್ರದ ಗುಣಮಟ್ಟ, ನಿರ್ದೇಶಕರ ಸಂದರ್ಶನ, ಜೊತೆಗೆ ಬರುವ ಪುಸ್ತಿಕೆ ಇವೆಲ್ಲ ಸಂಗ್ರಾಹಕರಿಗೆ ಮುಖ್ಯ.

ಇಂಥ ಸಂಗ್ರಾಹಕರ ನಡುವೆ ಹೆಚ್ಚು ಮಾತಾಗುವ ಹೆಸರು ಅಮೆರಿಕದ ಕ್ರೈಟೀರಿಯನ್ ಕಲೆಕ್ಷನ್. 1984ರಲ್ಲಿ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳ ಲೇಸರ್ ಡಿಸ್ಕ್‌ಗಳೊಂದಿಗೆ ಆರಂಭವಾದ ಕಂಪನಿ ಇದು. 1998ರಲ್ಲಿ ಡಿವಿಡಿ, 2008ರಲ್ಲಿ ಬ್ಲೂ-ರೇ, 2021ರಲ್ಲಿ 4ಕೆ ಡಿಸ್ಕ್ ತರಲು ಶುರುಮಾಡಿತು. ಸತ್ಯಜಿತ್ ರೇ ಅವರ ಅಪು ಚಿತ್ರತ್ರಯವನ್ನು ಡಿಸ್ಕ್ ರೂಪದಲ್ಲಿ ತಂದ ಕಂಪನಿಯೂ ಇದೇ.

ಸುಳಿವು ಬರುವುದು ಹೇಗೆ?

ಕ್ರೈಟೀರಿಯನ್ ತನ್ನ ಹೊಸ ಡಿಸ್ಕ್‌ಗಳನ್ನು ಸಾಮಾನ್ಯವಾಗಿ ತಿಂಗಳ ನಡುಭಾಗದಲ್ಲಿ, ಸುಮಾರು ಮೂರು ತಿಂಗಳು ಮುಂಚಿತವಾಗಿ ಘೋಷಿಸುತ್ತದೆ. ಅದಕ್ಕೂ ಮೊದಲು ಏನು ಬರಬಹುದು ಎಂಬ ಕುತೂಹಲಕ್ಕೆ ಕಂಪನಿಯೇ ಒಂದಿಷ್ಟು ತುಪ್ಪ ಸುರಿಯುತ್ತದೆ.

ಮೊದಲನೆಯದು ಕಾರ್ಟೂನ್. ಕಂಪನಿಯ ಇಮೇಲ್ ಪತ್ರದಲ್ಲಿ ಒಂದು ಪುಟ್ಟ ತಮಾಷೆಯ ಚಿತ್ರ ಹಾಕುವ ರೂಢಿ ಬೆಳೆಯಿತು. ಅದು ಮುಂದೆ ಬರುವ ಯಾವುದೋ ಸಿನಿಮಾದ ಒಗಟು. ನ್ಯೂಯಾರ್ಕಿನ ಚಿತ್ರಕಾರ ಜೇಸನ್ ಪೋಲನ್ ಹಲವು ವರ್ಷ ಇವನ್ನು ಬರೆದರು. ಅವರು 2020ರಲ್ಲಿ ತೀರಿಕೊಂಡರು. ಹೊಸ ವರ್ಷಕ್ಕೆ ಬರುವ ದೊಡ್ಡ ಚಿತ್ರವಂತೂ ಜಾತ್ರೆಯಿದ್ದಂತೆ. ಒಂದೇ ಹಾಳೆಯಲ್ಲಿ ಹಲವು ಪ್ರಾಣಿ, ಮನುಷ್ಯ, ವಸ್ತುಗಳು ತುಂಬಿರುತ್ತವೆ. ಪ್ರತಿಯೊಂದೂ ಆ ವರ್ಷ ಬರಲಿರುವ ಒಂದೊಂದು ಚಿತ್ರಕ್ಕೆ ಸುಳಿವು.

ಎರಡನೆಯದು ಕ್ರಮಸಂಖ್ಯೆ. ಪ್ರತಿ ಡಿಸ್ಕ್ ಪೆಟ್ಟಿಗೆಯ ಬೆನ್ನಿನ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನಡುವೆ ಒಂದು ಸಂಖ್ಯೆ ಖಾಲಿ ಬಿಟ್ಟಿದ್ದರೆ ಅಲ್ಲಿ ಯಾವ ಚಿತ್ರ ಬರುತ್ತದೆಂಬ ಲೆಕ್ಕಾಚಾರ ಶುರು. 1000ನೇ ಸಂಖ್ಯೆ ಯಾವ ಚಿತ್ರಕ್ಕೆ ಸಿಗುತ್ತದೆ ಎಂಬುದು ಸಂಗ್ರಾಹಕರಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಕೊನೆಗೆ 2019ರ ಅಕ್ಟೋಬರ್‌ನಲ್ಲಿ ಆ ಸಂಖ್ಯೆ ಹೊತ್ತು ಬಂದದ್ದು ಜಪಾನಿನ ದೈತ್ಯ ಪ್ರಾಣಿ ಗಾಡ್ಜಿಲ್ಲಾ. 1954ರಿಂದ 1975ರವರೆಗಿನ 15 ಚಿತ್ರಗಳ ಪೆಟ್ಟಿಗೆ ಅದು.

ಇಲ್ಲಿಯವರೆಗೆ ಇದು ಬರೀ ಆಟ. ಅಜ್ಜಿ ಒಗಟು ಹೇಳಿದರೆ ಮೊಮ್ಮಕ್ಕಳು ಬಿಡಿಸಿದಂತೆ. ಉತ್ತರ ತಪ್ಪಾದರೆ ಯಾರಿಗೂ ನಷ್ಟವಿಲ್ಲ.

ಒಂದು ಸುಳಿವು, ಹಲವು ಉತ್ತರ

ಆಟದ ಸ್ವರೂಪ ತಿಳಿಯಲು ನಮ್ಮ ಚಿತ್ರಗಳನ್ನೇ ಇಟ್ಟುಕೊಂಡು ಒಂದು ಪ್ರಯೋಗ ಮಾಡೋಣ. ಕನ್ನಡ ಚಿತ್ರಗಳ ಡಿಸ್ಕ್ ತರುವ ಒಂದು ಕಂಪನಿ ಇದೆ ಎಂದು ಭಾವಿಸಿ. ಅದು ಹೆಡೆ ಎತ್ತಿದ ಒಂದು ಹಾವಿನ ಚಿತ್ರ ಹಾಕಿತು. ಉತ್ತರ ಏನು?

ಬಹಳ ಮಂದಿ ತಕ್ಷಣ ‘ನಾಗರಹಾವು’ ಎನ್ನುತ್ತಾರೆ. ಆದರೆ ಯಾವ ನಾಗರಹಾವು? ಪುಟ್ಟಣ್ಣ ಕಣಗಾಲರ 1972ರ ಚಿತ್ರವೇ? ಅದೇ ಹೆಸರಿನ 2002ರ ಚಿತ್ರವೇ? ಅಥವಾ 2016ರದ್ದೇ? ಹಾವು ಬರುವ ಭಕ್ತಿಚಿತ್ರಗಳೂ ಇವೆ. ಶಿವನ ಕೊರಳಲ್ಲಿ ಹಾವಿದೆ ಎಂದು ಶಿವನ ಕಥೆಯ ಚಿತ್ರವನ್ನೂ ಹೇಳಬಹುದು.

ಇನ್ನೊಂದು ನೋಡಿ. ಕಾಡು, ಒಂದು ಆನೆ. ‘ಗಂಧದ ಗುಡಿ’ ಎನ್ನೋಣವೇ? 1973ರ ಡಾ. ರಾಜ್‌ಕುಮಾರ್ ಚಿತ್ರವೋ, 2022ರ ಪುನೀತ್ ರಾಜ್‌ಕುಮಾರ್ ಸಾಕ್ಷ್ಯಚಿತ್ರವೋ?

ಸುಳಿವು ಎಷ್ಟು ಅಸ್ಪಷ್ಟವೋ ಅಷ್ಟು ಹೆಚ್ಚು ಉತ್ತರಗಳು ಅದಕ್ಕೆ ಹೊಂದುತ್ತವೆ. ನಿಮ್ಮ ಉತ್ತರ ಸುಳಿವಿಗೆ ಹೊಂದುತ್ತದೆ ಎಂದ ಮಾತ್ರಕ್ಕೆ ಅದೇ ಸರಿ ಎಂದಾಗುವುದಿಲ್ಲ. ಬೇರೆ ಯಾವುದೂ ಹೊಂದುವುದಿಲ್ಲ ಎಂದು ತೋರಿಸಬೇಕು. ಆ ಎರಡನೇ ಕೆಲಸವನ್ನು ಮಾಡುವವರು ಕಡಿಮೆ.

ಮನಸ್ಸು ‘ಹೌದು’ ಎಂಬುದನ್ನೇ ಹುಡುಕುತ್ತದೆ

ಏಕೆ ಕಡಿಮೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಾಂತ ಪ್ರಯೋಗವಿದೆ. 1960ರಲ್ಲಿ ಬ್ರಿಟನ್ನಿನ ಪೀಟರ್ ವೇಸನ್ ಅದನ್ನು ಪ್ರಕಟಿಸಿದರು. ಅವರು ಜನರಿಗೆ 2, 4, 6 ಎಂಬ ಮೂರು ಸಂಖ್ಯೆ ಕೊಟ್ಟು, “ಇದರ ಹಿಂದೆ ಒಂದು ನಿಯಮವಿದೆ, ಕಂಡುಹಿಡಿಯಿರಿ. ನೀವು ಬೇರೆ ಸಂಖ್ಯೆಗಳನ್ನು ಹೇಳಬಹುದು, ಅವು ನಿಯಮಕ್ಕೆ ಹೊಂದುತ್ತವೆಯೋ ಇಲ್ಲವೋ ಹೇಳುತ್ತೇನೆ” ಎಂಬ ಆಟ ಇಟ್ಟರು.

ಮೊದಲಿಗೇ ಹೊಳೆಯುವ ನಿಯಮ ‘ಎರಡೆರಡು ಕೂಡಿಸುತ್ತ ಹೋಗುವುದು’. ಅದನ್ನು ಪರೀಕ್ಷಿಸಲು 8, 10, 12 ಎನ್ನುತ್ತೇವೆ. ಹೌದು ಎಂಬ ಉತ್ತರ. 20, 22, 24 ಎನ್ನುತ್ತೇವೆ. ಅದಕ್ಕೂ ಹೌದು. ಸಾಕು, ನಿಯಮ ಸಿಕ್ಕಿತು ಎಂದುಕೊಳ್ಳುತ್ತೇವೆ. ನಿಜವಾದ ನಿಯಮ ಇನ್ನೂ ಸರಳ: ಏರಿಕೆಯ ಕ್ರಮದಲ್ಲಿರುವ ಯಾವುದೇ ಮೂರು ಸಂಖ್ಯೆ. 1, 2, 7 ಎಂದು ಒಮ್ಮೆ ಕೇಳಿದ್ದರೆ ನಮ್ಮ ಊಹೆ ತಪ್ಪೆಂದು ತಿಳಿಯುತ್ತಿತ್ತು. ಆದರೆ ‘ಇಲ್ಲ’ ಎಂಬ ಉತ್ತರ ಬರಬಹುದಾದ ಪ್ರಶ್ನೆಯನ್ನು ಕೇಳಲು ನಮಗೆ ತೋಚುವುದೇ ಇಲ್ಲ.

ಕಾರ್ಟೂನ್ ಬಿಡಿಸುವಾಗಲೂ ಇದೇ ಆಗುತ್ತದೆ. ಮನಸ್ಸಿನಲ್ಲಿ ಒಂದು ಮೆಚ್ಚಿನ ಚಿತ್ರ ಇರುತ್ತದೆ. ಆಮೇಲೆ ಕಾರ್ಟೂನಿನ ಟೋಪಿ ಆ ಚಿತ್ರದ ನಾಯಕನ ಟೋಪಿಯಂತೆ ಕಾಣುತ್ತದೆ, ಮರ ಆ ಚಿತ್ರದ ಮರದಂತೆ ಕಾಣುತ್ತದೆ. ಹೊಂದದ ಭಾಗಗಳನ್ನು “ಅದು ಸುಮ್ಮನೆ ಅಲಂಕಾರಕ್ಕೆ” ಎಂದು ಬಿಟ್ಟುಬಿಡುತ್ತೇವೆ. ಕೊಳ್ಳಬೇಕೆಂಬ ಆಸೆ ಹೆಚ್ಚಿದ್ದಷ್ಟೂ ಹೋಲಿಕೆ ಹೆಚ್ಚು ಕಾಣುತ್ತದೆ. ಮೋಡದಲ್ಲಿ ಗಣೇಶ ಕಾಣುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

“ಹೋದ ಸಲ ಅವರು ಹೇಳಿದ್ದು ನಿಜವಾಗಿತ್ತಲ್ಲ?”

ಫಾರ್ವರ್ಡ್ ಮಾಡುವವರು ಕೊಡುವ ದೊಡ್ಡ ಸಮರ್ಥನೆ ಇದು. ಇದಕ್ಕೆ ಸಣ್ಣ ಲೆಕ್ಕ ಮಾಡೋಣ.

ಒಂದು ಊಹೆ ಸರಿಯಾಗುವ ಸಾಧ್ಯತೆ 100ರಲ್ಲಿ 5 ಎಂದಿಟ್ಟುಕೊಳ್ಳಿ. ಅಂದರೆ ತೀರ ಕಡಿಮೆ. ಈಗ 40 ಮಂದಿ ಒಬ್ಬರನ್ನೊಬ್ಬರು ಕೇಳದೆ ಬೇರೆ ಬೇರೆ ಊಹೆ ಮಾಡುತ್ತಾರೆ. ಅವರಲ್ಲಿ ಕನಿಷ್ಠ ಒಬ್ಬರದಾದರೂ ಸರಿಯಾಗುವ ಸಾಧ್ಯತೆ ಎಷ್ಟು? 100ರಲ್ಲಿ ಸುಮಾರು 87. ಯಾರಿಗೂ ಏನೂ ಗೊತ್ತಿಲ್ಲದಿದ್ದರೂ ಒಬ್ಬರು ಗೆಲ್ಲುವುದು ಹೆಚ್ಚುಕಡಿಮೆ ಖಚಿತ. ಗೆದ್ದವರ ಸ್ಕ್ರೀನ್‌ಶಾಟ್ ಊರೆಲ್ಲ ಓಡಾಡುತ್ತದೆ. ಸೋತ 39 ಮಂದಿಯ ಸ್ಕ್ರೀನ್‌ಶಾಟ್ ಯಾರೂ ತೆಗೆಯುವುದಿಲ್ಲ.

2010ರ ಫುಟ್‌ಬಾಲ್ ವಿಶ್ವಕಪ್ ನೆನಪಿದೆಯೇ? ಜರ್ಮನಿಯ ಪಾಲ್ ಎಂಬ ಆಕ್ಟೋಪಸ್ 8 ಪಂದ್ಯಗಳ ಫಲಿತಾಂಶವನ್ನು ‘ಸರಿಯಾಗಿ’ ಹೇಳಿತ್ತು. ನಾಣ್ಯ ಚಿಮ್ಮಿ ಹೇಳಿದರೂ ಎಂಟಕ್ಕೆ ಎಂಟು ಸರಿಯಾಗುವ ಸಾಧ್ಯತೆ 256ರಲ್ಲಿ ಒಂದು. ಅದೇ ಪಾಲ್ 2008ರ ಯೂರೋ ಕಪ್‌ನಲ್ಲಿ 6ರಲ್ಲಿ 2 ಪಂದ್ಯ ತಪ್ಪು ಹೇಳಿತ್ತು, ಅದನ್ನು ನೆನೆಯುವವರು ಕಡಿಮೆ. ಅದೇ 2010ರಲ್ಲಿ ಸಿಂಗಾಪುರದಲ್ಲಿ ಗಿಳಿಶಾಸ್ತ್ರ ಹೇಳುವ ಮಣಿ ಎಂಬ ಗಿಳಿಯೂ ಹೆಸರು ಮಾಡಿತ್ತು. ಫೈನಲ್‌ನಲ್ಲಿ ಅದು ನೆದರ್ಲೆಂಡ್ಸ್‌ನತ್ತ ಕೊಕ್ಕು ತೋರಿಸಿತು. ಗೆದ್ದದ್ದು ಸ್ಪೇನ್. ನಮ್ಮ ನೆನಪಿನಲ್ಲಿ ಉಳಿದದ್ದು ಪಾಲ್ ಮಾತ್ರ.

ಆದ್ದರಿಂದ ಊಹೆ ಹೇಳುವವರನ್ನು ಅಳೆಯುವಾಗ “ಎಷ್ಟು ಸರಿಯಾಯಿತು” ಎಂದಷ್ಟೇ ಕೇಳಬೇಡಿ. “ಒಟ್ಟು ಎಷ್ಟು ಹೇಳಿದ್ದರು” ಎಂದೂ ಕೇಳಿ.

ಎಲ್ಲ ಸುಳಿವೂ ಒಂದೇ ತೂಕದ್ದಲ್ಲ

ಹಾಗಾದರೆ ಊಹೆಯೆಲ್ಲ ಸುಳ್ಳೇ? ಅಲ್ಲ. ಅನುಭವಿ ಸಂಗ್ರಾಹಕರು ಕಾರ್ಟೂನ್ ಒಂದನ್ನೇ ನಂಬಿ ಕೂರುವುದಿಲ್ಲ. ಅವರು ನೋಡುವ ಇತರ ಸುಳಿವುಗಳಿಗೆ ಹೆಚ್ಚು ತೂಕವಿದೆ. ಹಗುರದಿಂದ ಭಾರದ ಕಡೆಗೆ ಜೋಡಿಸಿದರೆ ಹೀಗೆ:

1. ಕಾರ್ಟೂನ್, ಒಗಟು: ಕಂಪನಿಯೇ ಕೊಟ್ಟದ್ದು, ಆದರೆ ಅರ್ಥ ನಮ್ಮದು.

2. ಚಿತ್ರದ ಪುನರುಜ್ಜೀವನ: ಹಳೆಯ ನೆಗೆಟಿವ್ ಸ್ವಚ್ಛಗೊಳಿಸಿ ಹೊಸ ಪ್ರತಿ ಮಾಡಲು ತುಂಬ ಹಣ, ಶ್ರಮ ಬೇಕು. ಅದನ್ನು ಮಾಡಿದ್ದಾರೆಂದರೆ ಮುಂದೆ ಯಾವುದೋ ರೂಪದಲ್ಲಿ ಜನರಿಗೆ ತಲುಪಿಸುವ ಉದ್ದೇಶ ಇರಬಹುದು.

3. ಚಿತ್ರಮಂದಿರದಲ್ಲಿ ಮರುಬಿಡುಗಡೆ: ಕ್ರೈಟೀರಿಯನ್‌ನ ಸೋದರ ಸಂಸ್ಥೆ ಜೇನಸ್ ಫಿಲ್ಮ್ಸ್ ಅಮೆರಿಕದ ಚಿತ್ರಮಂದಿರಗಳಿಗೆ ಚಿತ್ರಗಳನ್ನು ಹಂಚುತ್ತದೆ. ಅದು ಹಳೆಯ ಚಿತ್ರವನ್ನು ಮತ್ತೆ ತೆರೆಗೆ ತಂದರೆ ಡಿಸ್ಕ್ ಬರುವ ಸಾಧ್ಯತೆ ಹೆಚ್ಚು.

4. ಪ್ರಮಾಣಪತ್ರ: ಬ್ರಿಟನ್ನಿನಲ್ಲಿ ಸಿನಿಮಾ ಡಿಸ್ಕ್ ಮಾರುವ ಮುನ್ನ ಅಲ್ಲಿನ ಸಿನಿಮಾ ವರ್ಗೀಕರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕೆಂದು ಕಾನೂನಿದೆ. ಮಂಡಳಿಯ ಪಟ್ಟಿ ಸಾರ್ವಜನಿಕ. ಅಲ್ಲಿ ಹೆಸರು ಕಂಡರೆ ಅದು ಗಟ್ಟಿ ಸುಳಿವು.

5. ಕಂಪನಿಯ ಅಧಿಕೃತ ಪ್ರಕಟಣೆ: ದಿನಾಂಕ, ಬೆಲೆ, ಡಿಸ್ಕ್‌ನ ವಿವರಗಳ ಸಮೇತ. ಇದು ಬಂದ ಮೇಲೆ ಮಾತ್ರ ‘ಖಚಿತ’ ಎಂಬ ಪದ ಬಳಸಬಹುದು.

ಅಪು ಚಿತ್ರತ್ರಯ ಇದಕ್ಕೆ ಒಳ್ಳೆಯ ಉದಾಹರಣೆ. 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದಕ್ಕೆ ಬೆಂಕಿ ಬಿದ್ದು ಇದರ ಮೂಲ ನೆಗೆಟಿವ್‌ಗಳು ಸುಟ್ಟು ಹಾಳಾಗಿದ್ದವು. ಇಟಲಿಯ ಬೊಲೊನ್ಯಾದ ತಜ್ಞರು ಉಳಿದ ಭಾಗಗಳನ್ನು ಜೋಡಿಸಿ ಚಿತ್ರಗಳಿಗೆ ಮರುಜೀವ ಕೊಟ್ಟರು. 2015ರ ಮೇ ತಿಂಗಳಲ್ಲಿ ಅವು ಅಮೆರಿಕದ ಚಿತ್ರಮಂದಿರಕ್ಕೆ ಬಂದವು. ಅದೇ ವರ್ಷ ನವೆಂಬರ್‌ನಲ್ಲಿ ಡಿಸ್ಕ್ ಬಂತು. ಇಲ್ಲಿ ಒಂದೊಂದು ಹೆಜ್ಜೆಯೂ ಮುಂದಿನದಕ್ಕೆ ದಾರಿ ತೋರಿಸಿತು.

ಆದರೆ ಗಟ್ಟಿ ಸುಳಿವೂ ದಿನಾಂಕ ಹೇಳುವುದಿಲ್ಲ. ಉದಯ ಶಂಕರ್ ಅವರ 1948ರ ನೃತ್ಯಚಿತ್ರ ‘ಕಲ್ಪನಾ’ ಪುನರುಜ್ಜೀವನಗೊಂಡು 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕ್ರೈಟೀರಿಯನ್ ಡಿಸ್ಕ್ ಪೆಟ್ಟಿಗೆಯಲ್ಲಿ ಸೇರಿದ್ದು 2022ರಲ್ಲಿ. ಹತ್ತು ವರ್ಷದ ಅಂತರ! ಕಂಪನಿಯ ಸ್ವಂತ ಯೋಜನೆಯೂ ಮುಂದೆ ಹೋಗಬಹುದು. ಡಿವಿಡಿ ಸಾಲಿನಲ್ಲಿ 1ನೇ ಸಂಖ್ಯೆಯನ್ನು ಕ್ರೈಟೀರಿಯನ್ ಕೊಟ್ಟದ್ದು ಝಾನ್ ರನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಷನ್’ ಚಿತ್ರಕ್ಕೆ. ಅಷ್ಟರಲ್ಲಿ, ಕಳೆದೇಹೋಗಿದೆ ಎಂದುಕೊಂಡಿದ್ದ ಮೂಲ ನೆಗೆಟಿವ್ ಇರುವುದು ತಿಳಿಯಿತು. ಉತ್ತಮ ಪ್ರತಿಗಾಗಿ ಕಾದರು. ಬೇರೆ ಸಂಖ್ಯೆಯ ಡಿಸ್ಕ್‌ಗಳು 1998ರಲ್ಲೇ ಅಂಗಡಿಗೆ ಬಂದವು, 1ನೇ ಸಂಖ್ಯೆಯದು ಬಂದದ್ದು 1999ರಲ್ಲಿ.

‘ಘಟಶ್ರಾದ್ಧ’ದ ಡಿಸ್ಕ್ ಬರುತ್ತದೆಯೇ?

ಕನ್ನಡಿಗರಿಗೆ ಈ ಆಟ ಹತ್ತಿರವಾಗುವುದು ಇಲ್ಲಿ. ಯು. ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಅವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಸ್ವರ್ಣಕಮಲ ಪಡೆದ ಚಿತ್ರ. ಮಾರ್ಟಿನ್ ಸ್ಕೋರ್ಸೆಸೆ ಅವರ ಫಿಲ್ಮ್ ಫೌಂಡೇಶನ್‌ನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಇದನ್ನು ಪುನರುಜ್ಜೀವನಗೊಳಿಸಿದವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿಯ ಪ್ರದರ್ಶನವಾಯಿತು.

ಇದೇ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ನ ಚಿತ್ರಗಳನ್ನು ಕ್ರೈಟೀರಿಯನ್ 2013ರಿಂದ ಪೆಟ್ಟಿಗೆಗಳಾಗಿ ತರುತ್ತಿದೆ. ‘ಕಲ್ಪನಾ’ ಬಂದದ್ದೂ ಹಾಗೆಯೇ. ಹೀಗಿರುವಾಗ ‘ಘಟಶ್ರಾದ್ಧ’ವೂ ಒಂದು ದಿನ ಆ ಪೆಟ್ಟಿಗೆಯಲ್ಲಿ ಬರಬಹುದು ಎಂದು ಆಸೆಪಡಲು ಕಾರಣವಿದೆ. ಇದು ತೂಕದ ಸುಳಿವು, ನಮ್ಮ ಪಟ್ಟಿಯಲ್ಲಿ ಎರಡನೇ ಮೆಟ್ಟಿಲು. ಆದರೆ ಎರಡನೇ ಮೆಟ್ಟಿಲಲ್ಲಿ ನಿಂತು “ಬಂದೇಬಿಟ್ಟಿತು” ಎಂದು ಕೂಗಿದರೆ ಅದು ಸುದ್ದಿಯಾಗುವುದಿಲ್ಲ. ಹಕ್ಕು ಯಾರ ಬಳಿ ಇದೆ, ಒಪ್ಪಂದ ಆಗಿದೆಯೇ, ಯಾವ ದೇಶಕ್ಕೆ ಎಂಬ ಪ್ರಶ್ನೆಗಳು ನಡುವೆ ಇವೆ.

‘ಅಂತೆ’ ಉದುರಿಹೋಗುವ ದಾರಿ

ಊಹೆ ಸುದ್ದಿಯಾಗುವುದು ಸುಳ್ಳು ಹೇಳುವವರಿಂದ ಮಾತ್ರವಲ್ಲ. ಹೆಚ್ಚಿನ ಸಲ ಒಬ್ಬೊಬ್ಬರೂ ಒಂದೊಂದು ಸಣ್ಣ ಪದ ಬಿಡುತ್ತ ಹೋಗುತ್ತಾರೆ.

ಮೊದಲನೆಯವರು: “ಆ ಕಾರ್ಟೂನ್ ನೋಡಿದರೆ ಈ ಚಿತ್ರ ಇರಬಹುದೇನೋ.”
ಎರಡನೆಯವರು: “ಈ ಚಿತ್ರದ ಡಿಸ್ಕ್ ಬರಬಹುದಂತೆ.”
ಮೂರನೆಯವರು: “ಡಿಸ್ಕ್ ಬರುತ್ತದಂತೆ.”
ನಾಲ್ಕನೆಯವರು: “ಡಿಸ್ಕ್ ಬರ್ತಿದೆ.”
ಐದನೆಯವರು: “ಖಚಿತ! ಈಗಲೇ ಬುಕ್ ಮಾಡಿ.”

‘ಇರಬಹುದೇನೋ’ ಹೋಯಿತು, ‘ಅಂತೆ’ ಹೋಯಿತು. ಕಾರ್ಟೂನ್ ಒಂದೇ ಆಧಾರ ಎಂಬ ಮಾತಂತೂ ಎರಡನೇ ಸಂದೇಶದಲ್ಲೇ ಮಾಯ. ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಎರಡಕ್ಷರ ಬಹಳ ಪ್ರಾಮಾಣಿಕ ಪದ. ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂದು ಅದು ಹೇಳುತ್ತದೆ. ಫಾರ್ವರ್ಡ್ ಮಾಡುವಾಗ ಅದನ್ನು ಕಳೆಯದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಬೆಲೆ ತೆರುವವರು ಯಾರು?

ತಮಾಷೆಯ ಆಟವಲ್ಲವೇ, ಇಷ್ಟೇಕೆ ಚರ್ಚೆ ಎನ್ನಬಹುದು. ಹಣ ಕೈ ಬದಲಾಯಿಸುವಾಗ ಆಟ ಆಟವಾಗಿ ಉಳಿಯುವುದಿಲ್ಲ.

“ಹೊಸದು ಬರುತ್ತಿದೆ” ಎಂಬ ಸುದ್ದಿ ನಂಬಿ ತಮ್ಮಲ್ಲಿರುವ ಹಳೆಯ ಡಿಸ್ಕ್ ಅನ್ನು ಕಡಿಮೆ ಬೆಲೆಗೆ ಮಾರಿದವರು ಹೊಸದು ಬರದಿದ್ದರೆ ಎರಡನ್ನೂ ಕಳೆದುಕೊಳ್ಳುತ್ತಾರೆ. “ಇನ್ನು ಸಿಗುವುದಿಲ್ಲ” ಎಂಬ ವದಂತಿ ನಂಬಿದವರು ದುಪ್ಪಟ್ಟು ಕೊಟ್ಟು ಕೊಳ್ಳುತ್ತಾರೆ. ಹಕ್ಕು ಕೈತಪ್ಪಿ ಡಿಸ್ಕ್ ನಿಂತುಹೋಗುವುದೂ ನಿಜವಾಗಿ ಆಗುತ್ತದೆ. 2010ರಲ್ಲಿ ‘ದಿ ಥರ್ಡ್ ಮ್ಯಾನ್’, ‘ಗ್ರ್ಯಾಂಡ್ ಇಲ್ಯೂಷನ್’ ಮೊದಲಾದವು ಕ್ರೈಟೀರಿಯನ್ ಕೈಬಿಟ್ಟುಹೋದವು. ಆದರೆ ಆಗ ಕಂಪನಿಯೇ ಅದನ್ನು ತಿಳಿಸಿತ್ತು. ಅಂಥ ಪ್ರಕಟಣೆ ಇಲ್ಲದಾಗ ಗಾಬರಿಯಾಗಬೇಕಿಲ್ಲ.

ಭಾರತದಲ್ಲಿ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು. ಸುದ್ದಿ ನಿಜವೇ ಆದರೂ ಡಿಸ್ಕ್ ನಿಮ್ಮ ಮನೆಯಲ್ಲಿ ಓಡದಿರಬಹುದು. ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರ್‌ನಲ್ಲಿ ತೆರೆಯುವುದಿಲ್ಲ. 4ಕೆ ಡಿಸ್ಕ್‌ಗಳಿಗೆ ಈ ವಲಯದ ಬೀಗ ಇಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರ್ ಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಲಿಂಕ್‌ನಲ್ಲಿದೆ. ಡಿಸ್ಕ್ ಇರಲಿ, ಓಟಿಟಿ ಇರಲಿ, ಜನ ಕಾಯುತ್ತಿರುವ ಚಿತ್ರದ ಹೆಸರು ವಂಚಕರಿಗೆ ಒಳ್ಳೆಯ ಗಾಳ. “ಮುಂಗಡ ಬುಕಿಂಗ್‌ಗೆ ಇಲ್ಲಿ ಹಣ ಕಳಿಸಿ”, “ಚಿತ್ರ ನೋಡಲು ಈ ಆ್ಯಪ್ ಹಾಕಿಕೊಳ್ಳಿ” ಎಂದು ಬಂದರೆ ಮುಟ್ಟಬೇಡಿ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಹಾಕಿಕೊಂಡರೆ ನಿಮ್ಮ ಸಂದೇಶಗಳು, ಓಟಿಪಿಗಳು ಬೇರೆಯವರ ಕೈ ಸೇರಬಹುದು. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

• ಇದನ್ನು ಕಂಪನಿಯೇ ಹೇಳಿದೆಯೇ, ಅಥವಾ ಯಾರೋ ಊಹಿಸಿದ್ದೇ? ಕಂಪನಿಯ ಸ್ವಂತ ತಾಣ ಅಥವಾ ಅಧಿಕೃತ ಖಾತೆಯಲ್ಲಿ ನೋಡಿ.
• ಬಿಡುಗಡೆಯ ದಿನಾಂಕ, ಬೆಲೆ, ಯಾವ ದೇಶಕ್ಕೆ ಎಂಬ ವಿವರ ಇದೆಯೇ? “ಶೀಘ್ರದಲ್ಲೇ” ಎಂದಷ್ಟೇ ಇದ್ದರೆ ಕಾಯಿರಿ.
• ಇದೇ ಸುಳಿವಿಗೆ ಬೇರೆ ಯಾವ ಚಿತ್ರ ಹೊಂದುತ್ತದೆ? ಎರಡು ಹೆಸರು ನೆನಪಾದರೆ ಅದು ಇನ್ನೂ ಊಹೆ.
• ಹೇಳಿದವರ ತಪ್ಪಾದ ಊಹೆಗಳೂ ನಿಮಗೆ ಗೊತ್ತೇ?
• ಹಣ, ಲಿಂಕ್ ಅಥವಾ ಆ್ಯಪ್ ಕೇಳುತ್ತಿದೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಕೊನೆಯದಾಗಿ, ಒಗಟು ಬಿಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಒಂದು ಕಾರ್ಟೂನ್ ನೆಪದಲ್ಲಿ ನಾವು ಮರೆತ ಹಳೆಯ ಚಿತ್ರಗಳು ಮಾತಿಗೆ ಬರುತ್ತವೆ, ಯಾರೋ ಒಬ್ಬರು ಅದನ್ನು ಹುಡುಕಿ ನೋಡುತ್ತಾರೆ. ಅದು ಒಳ್ಳೆಯದೇ. ನಿಮ್ಮ ಊಹೆಯನ್ನು ಗುಂಪಿಗೆ ಧಾರಾಳವಾಗಿ ಹಾಕಿ, ಅದರ ಮೇಲೆ “ಇದು ನನ್ನ ಊಹೆ” ಎಂದು ಬರೆದು ಹಾಕಿ. ಬೇರೆಯವರದನ್ನು ಕಳಿಸುವಾಗ ಅದರ ‘ಅಂತೆ’ಯನ್ನೂ ಜೊತೆಗೇ ಕಳಿಸಿ.